ಡಬ್ಬಿಯ ಮರಳು

ಕಾರ್ಡು ಬರೆಯಲು ಬಂದ ಮ್ಯೂಸಿಯಮ್ಮಿನವರು
ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿ ಕೇಳಿದರು:
‘ಇದರ ಚಾರಿತ್ರಿಕ ಮಹತ್ವ ಏನಮ್ಮ?’
‘ದಿನಾ ಬೆಳಿಗ್ಗೆ ಏಳಕ್ಕೆ ಹಗ್ಗ ಎಳೀಬೇಕು,’ ಅಂದೆ.
‘ಮೂವತ್ತು ಗಂಟೆ ನಡೆಯುತ್ತೆ.
ಒಂದು ದಿನ, ಮೇಲೆ ಆರು ಗಂಟೆ ಮಾಫಿ.’

ಬರೆದುಕೊಳ್ಳಲಿಲ್ಲ.

ಆಳೆತ್ತರದ ಪೆಟ್ಟಿಗೆ. ಮುಖದ ಮೇಲೆ
ಈ ಕಡೆ ಕಾಣದ ಎರಡು ಹಕ್ಕಿ, ಒಂದರ ಕಣ್ಣು ಅಳಿಸಿದೆ.
ಹೊಟ್ಟೆಯೊಳಗೆ ಹಿತ್ತಾಳೆ ಇಲ್ಲ ಸ್ವಾಮಿ, ಬರೀ ಮರ:
ಚೆರ್ರಿ ಮರದ ಹಲ್ಲುಗಾಲಿ, ಓಕ್ ಹಲಗೆ.
ಹಿತ್ತಾಳೆ ಕೊಳ್ಳಲಾಗದ ಒಕ್ಕಲು ಮನೆಗಳಿಗೆಂದು
ಅಮೆರಿಕದ ಬಡಗಿಗಳು ಕೊರೆದದ್ದಂತೆ.
ಅಪ್ಪನಿಗೆ ಈ ಮಾತು ಬಹಳ ಹಿಡಿಸಿತ್ತು.
‘ನಮ್ಮ ಗಾಣ ಇದ್ದಂಗೆ ಕಣವ್ವ.’

ಕೋಲಾರದ ಗಣಿಗೆ ತಂತಿ ಎಳೆದ ಕಾಲಕ್ಕೆ
ಯಂತ್ರದ ಸಂಗಡ ಬಂದ ಇಂಜಿನಿಯರೊಬ್ಬ
ಅಜ್ಜಿಯ ನಡುಮನೆಯಿಂದ ಹಡಗಿಗೇರಿಸಿ,
ಮದ್ದೂರಿನಿಂದ ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ತಂದನಂತೆ.
ಹೋಗುವಾಗ ಗಡಿಯಾರ ಬಿಟ್ಟ,
ಶಿವನಸಮುದ್ರದ ಚಳಿಜ್ವರ ಹೊತ್ತುಹೋದ.

ಬ್ಲಫ್ಫಿನ ಕೆಳಗೆ ಕೊಳವೆಯಲ್ಲಿ ನೀರು ಬೀಳುತ್ತಿತ್ತು,
ಬಿದ್ದದ್ದು ದೀಪವಾಗುತ್ತಿತ್ತು.
ಮೇಲೆ ಪೆಟ್ಟಿಗೆಯೊಳಗೆ ತಗಡಿನ ಡಬ್ಬಿ ಇಳಿಯುತ್ತಿತ್ತು,
ಇಳಿದದ್ದು ಹೊತ್ತಾಗುತ್ತಿತ್ತು.
‘ಎರಡಕ್ಕೂ ಬೀಳೋದೇ ಕಸುಬು,
ಎತ್ತೋದು ನನ್ನ ಸಂಬಳ,’ ಅನ್ನೋನು ಅಪ್ಪ.
ಈಗ ಸಂಬಳ ನಿಂತಿದೆ. ಎತ್ತೋದು ನನ್ನ ಪಾಲಿಗಿದೆ.

ಬಾಗಿಲ ಒಳಮೈಯಲ್ಲಿ ಪೆನ್ಸಿಲ್ ಗುರುತು:
ಇಂಗ್ಲಿಷಿನಲ್ಲಿ ಎಣ್ಣೆ ಬಿಟ್ಟ ತಾರೀಖುಗಳು,
ಮೈಸೂರಿನ ರಿಪೇರಿ ಸಾಬರ ಉರ್ದು ಒಂದು ಸಾಲು,
ಕೆಳಗೆ ಅಪ್ಪನ ವಾರೆ ಕನ್ನಡ:
‘ಮಳೆಗೆ ಹಲ್ಲು ಉಬ್ಬಿ ಎರಡು ದಿನ ನಿಂತಿತ್ತು.
ಯಾರೂ ಕೇಳಲಿಲ್ಲ. ಮಂಟೇಲಿಂಗ.’

ಹೊಳೆ ಉಕ್ಕಿದ ಒಂದು ವರ್ಷ
ತುಕ್ಕು ತಿಂದ ಡಬ್ಬಿಯ ತಳ ರಾತ್ರಿ ಕಳಚಿತು.
ಸುರಿದದ್ದು ಬೂದು ಬಣ್ಣದ ಮರಳು,
ನಡುವೆ ಕಡಲೆಕಾಳಿನಷ್ಟು ಒಂದು ಚಿಪ್ಪು.
ಯಾವ ಹೊಳೆಯದೋ.
ನೀರಿಳಿದ ಮೇಲೆ ಅಪ್ಪ ನಮ್ಮ ಮರಳು ತಂದು
ಡಾಲ್ಡಾ ಡಬ್ಬಕ್ಕೆ ತುಂಬಿ, ತೂಗಿ,
ಹಿಡಿ ತೆಗೆದು, ಚಿಟಿಕೆ ಹಾಕಿ, ನೇತುಬಿಟ್ಟ.
ದಿನಕ್ಕೆರಡು ನಿಮಿಷ ಮುಂದೆ ಓಡಿತು.
‘ಕಾವೇರಿಗೆ ಅವಸರ,’ ಅಂದ.

‘ಹಾಗಾದರೆ ಮೂಲ ಮರಳು?’
ಈಗ ಪೆನ್ನು ಎದ್ದಿತು.
ಕ್ವಾರ್ಟರ್ಸಿನ ಹಿಂದಿನ ಕರಿಬೇವು ತೋರಿಸಿದೆ:
‘ಅದರ ಬುಡಕ್ಕೆ ಹಾಕಿದ್ವಿ.’
ಅವರು ಮೊಣಕಾಲೂರಿ ಮಣ್ಣು ಕೆದಕುವಾಗ
ಒಳಗೆ ಹನ್ನೆರಡು ಹೊಡೆಯತೊಡಗಿತು, ಎರಡು ನಿಮಿಷ ಮೊದಲೇ.
ಬಸ್ಸಾರಿನ ಒಗ್ಗರಣೆಗೆಂದು ನಾಲ್ಕು ಎಸಳು ಮುರಿದುಕೊಂಡೆ.

ಚಿಪ್ಪಿನ ಸುದ್ದಿ ಅವರು ಎತ್ತಲಿಲ್ಲ.
ನಾನೂ.