ಫುಟ್‌ಬೋರ್ಡಿನ ಮೇಲೆ ಹದಿನೈದು

ಭಾಗಮಂಡಲದಲ್ಲಿ ಬಸ್ಸು ತಿರುಗಿಸಿ ನಿಲ್ಲಿಸಿದರೆ
ಹನ್ನೆರಡು ನಿಮಿಷ.
ದೇರಣ್ಣ ಇಳಿದು ಮೊಯ್ದುಕಾಕನ ಹೋಟೆಲಿಗೆ.
ನಾನು ಹಿಂಬಾಗಿಲ ಮೆಟ್ಟಿಲ ಅಂಚಿಗೆ,
ಬೆರಳು ಒಳಗೆ, ಹಿಮ್ಮಡಿ ಗಾಳಿಯಲ್ಲಿ,
ಎರಡೂ ಕೈ ಕಂಬಿಗೆ.

ಏಳುವಾಗ ಹೇಗೋ ಏಳು, ಇಳಿಯುವಾಗ ನಿಧಾನ,
ಬೆಟ್ಟಗೇರಿ ಇಳಿಜಾರಿನಲ್ಲಿ ತುಂಬಿದ ಬಸ್ಸು ಇಳಿದ ಹಾಗೆ
ಎಂದಿದ್ದಳು ಮಡಿಕೇರಿ ಆಸ್ಪತ್ರೆಯ ಫಿಸಿಯೋ ಮುಬೀನಾ.
(ಇಲ್ಲ, ಬಸ್ಸಿನ ಮಾತು ನನ್ನದು. ಅವಳಂದದ್ದು ‘ನಿಧಾನ’, ಅಷ್ಟೆ.)

ಒಂದು. ಎರಡು.
ಸ್ಕೂಲು ಮಕ್ಕಳು ಕೂಗುತ್ತಾರೆ: ಕೊಕ್ಕರೆ, ಕೊಕ್ಕರೆ!
ಆರು. ಏಳು.

ನರ ಎಂದೇ ಅಂದುಕೊಂಡಿದ್ದೆ ಇಷ್ಟು ಕಾಲ.
ನರವಲ್ಲವಂತೆ. ಚೀಟಿಯಲ್ಲಿ ಬರೆದಳು: ಸ್ನಾಯುರಜ್ಜು.
ರಜ್ಜು ಅಂದರೆ ಹಗ್ಗ, ಅಷ್ಟು ಗೊತ್ತು
ಇಪ್ಪತ್ತೆರಡು ವರ್ಷ ಹಗ್ಗ ಎಳೆದೇ ಉಂಡವಳಿಗೆ:
ಒಮ್ಮೆ ಎಳೆದರೆ ನಿಲ್ಲು, ಎರಡು ಸಲ ಎಳೆದರೆ ಹೊರಡು.
ಮೀನಖಂಡ ಎಳೆಯುತ್ತದೆ, ಹಿಮ್ಮಡಿ ಏಳುತ್ತದೆ,
ನಡುವೆ ಅದೇ ಹಗ್ಗ.

ಸಕ್ಕರೆ ರಕ್ತದಲ್ಲೇ ಇರುತ್ತದೆ ಎಂದು ಯಾರು ಹೇಳಿದ್ದು?
ಎಳೆ ಎಳೆಗೂ ಅಂಟುತ್ತದಂತೆ,
ಬೆಲ್ಲದ ಪಾಕ ಚೆಲ್ಲಿದ ಬಾಳೆನಾರು ಒಣಗಿ ಸೆಟೆದು
ಬಾಗಿಸಿದರೆ ಚಟ್ ಎನ್ನುವ ಹಾಗೆ.
ಬೆಳಿಗ್ಗೆ ಹಾಸಿಗೆಯಿಂದ ಮೊದಲ ಹೆಜ್ಜೆ,
ಅದೇ ಚಟ್.

ಪಾದದ್ದು ಬೇರೆ ಕಥೆ, ಅದಕ್ಕೆ ನೋವೇ ಇಲ್ಲ.
ಹೋದ ವರ್ಷ ಹುತ್ತರಿ ರಶ್ಶಿನಲ್ಲಿ
ಲೆಕ್ಕಕ್ಕೆ ಐದು ರೂಪಾಯಿ ಕಡಿಮೆ ಬಿತ್ತು.
ರಾತ್ರಿ ಶೂ ಬಿಚ್ಚಿದೆ. ನಾಣ್ಯ ಅಲ್ಲಿತ್ತು,
ಅಂಗಾಲಿನಲ್ಲಿ ಸಿಂಹದ ಮುದ್ರೆ ಸಮೇತ.
ಇಡೀ ದಿನ ಅದರ ಮೇಲೇ ನಡೆದಿದ್ದೆ.
ನಕ್ಕೆ. ಆಮೇಲೆ ನಗಲಿಲ್ಲ.
ಈಗ ಮೊದಲು ಶೂ ಕೊಡವುತ್ತೇನೆ,
ಆಮೇಲೆ ದೇವರಿಗೆ ಕೈ ಮುಗಿಯುತ್ತೇನೆ.

ಸಕ್ಕರೆ ನಾಳೆಗೇ ಇಳಿದೀತು, ಹಗ್ಗ ತಿಂಗಳುಗಟ್ಟಲೆ ಕೇಳುತ್ತದೆ.
ಸುಮ್ಮನಿಟ್ಟರೆ ಇನ್ನೂ ಬಿಗಿಯುತ್ತದೆ,
ಒಮ್ಮೆಲೇ ಜಗ್ಗಿದರೆ ಹರಿದೀತು,
ದಿನಾ ಇಷ್ಟಿಷ್ಟೇ ಭಾರ ಹಾಕಿದರೆ ಮಾತು ಕೇಳಬಹುದು.
‘ಬಹುದು’ ಎಂದಳು. ಆ ಬಹುದು ನನಗೆ ಹಿಡಿಸಿತು.
ಟಿಕೆಟ್ಟಿನ ಹಿಂದೆ ನಾವು ಚಿಲ್ಲರೆ ಬಾಕಿ ಬರೆದುಕೊಡುತ್ತೇವಲ್ಲ, ಹಾಗೆ.

ಹನ್ನೊಂದು. ಹನ್ನೆರಡು.
ಬೆಲ್ಲದ ಕಾಫಿಯ ಹಬೆ ಇಲ್ಲಿಯವರೆಗೂ ಬರುತ್ತದೆ.
ಮೊಯ್ದುಕಾಕ ನನಗೆಂದು ಬೇರೆ ಲೋಟದಲ್ಲಿ ಕರಿಕಾಫಿ ಇಡುತ್ತಾನೆ
ಮುಖ ಅತ್ತ ತಿರುಗಿಸಿ,
ಸಾವಿನ ಮನೆಯಲ್ಲಿ ಬಡಿಸುವವನ ಹಾಗೆ.

ಹದಿನೈದು.

ಇದು ನಾಲ್ಕನೇ ತಿಂಗಳು. ಚೆಟ್ಟಿಮಾನಿ ದಾಟಿತ್ತು.
ಹಿಂದಿನಿಂದ ಮುಂದಕ್ಕೆ ಟಿಕೆಟ್ ಕೊಡುತ್ತ ಬಂದೆ.
ಕನ್ನಡಿ ನೋಡದೆಯೇ ದೇರಣ್ಣ ಅಂದ:
‘ದೇವಕ್ಕೀ, ಹೊಸ ಕಂಡಕ್ಟರ್ ಬಂದಳೇನೋ ಅಂದುಕೊಂಡೆ.
ತಗಡಿನ ಮೇಲೆ ಹೆಜ್ಜೆ ಬೇರೆ ಕೇಳ್ತಿದೆ.’
ಟಕ್-ಸರ್ ಇದ್ದದ್ದು ಟಕ್ ಟಕ್ ಆಗಿತ್ತಂತೆ.
ನನಗೇನೂ ಗೊತ್ತಾಗಿರಲಿಲ್ಲ.
ಬೆಳಿಗ್ಗೆ ಚಟ್ ಅಂದೇ ಅಂದಿತ್ತು.

ಚೇರಂಬಾಣೆ. ಮೂವರು ಇಳಿದರು, ಒಂದು ಕುಕ್ಕೆ ಕಿತ್ತಳೆ ಹತ್ತಿತು.
ತಲೆಯ ಮೇಲೆ ಹಗ್ಗ, ಮೂರು ಕಡೆ ಗಂಟು,
ಬದಲಿಸುತ್ತೇವೆ ಅನ್ನುತ್ತಲೇ ಇದ್ದಾರೆ ಡಿಪೋದವರು.
ಎಳೆದೆ, ಎರಡು ಸಲ.
ಮುಂದೆ ಎಲ್ಲೋ ಗಂಟೆ ಕೇಳಿಸಿಕೊಂಡಿತು.