ನಾಲ್ಕು ಸೆಂಟಿಮೀಟರು

ನಕ್ಷೆಯಲ್ಲಿ ಶಾಲೆಗೆ ಹಳದಿ ಬಣ್ಣ ತುಂಬಿದ್ದೆ.
ಮಕ್ಕಳು ಎಲ್ಲಿಂದ ಒಳಗೆ ಬರುತ್ತಾರೆ ಅಂತ
ಯಾರೂ ಕೇಳಿರಲಿಲ್ಲ, ನಾನೂ.
ಒಂದಕ್ಕೆ ಐನೂರರ ಅಳತೆಯಲ್ಲಿ
ಮಗುವಿಗಿಂತ ಪೆನ್ಸಿಲಿನ ಮೊನೆ ದಪ್ಪ.

ಮಾಂಜರಿಗೆ ಹೋದದ್ದು ಜೂನಿನ ಕೊನೆಗೆ,
ಟೇಪು ಹಿಡಿದು, ಬೆಳಗ್ಗೆ ಏಳೂ ಕಾಲಿಗೆ.
ಕಬ್ಬು ಇದ್ದಲ್ಲಿ ಕಾಂಕ್ರೀಟ್ ಪ್ಲಾಂಟು.
ಹನ್ನೆರಡು ಮೀಟರಿನ ರಸ್ತೆ, ಕಾಗದದ ಮೇಲೆ.
ನೆಲದ ಮೇಲೆ ಎರಡು ಡಂಪರು, ಒಂದು ಎಮ್ಮೆ,
ಅವುಗಳ ನಡುವೆ ಉಳಿದಷ್ಟು.
ಆ ಉಳಿದಷ್ಟರಲ್ಲಿ ಮಕ್ಕಳು.

ಗೇಟಿನ ಮುಂದೆ ಸಿಂಧೂತಾಯಿ ಗವ್ಹಾಣೆ,
ಮಧ್ಯಾಹ್ನದ ಖಿಚಡಿ ಮಾಡುವಾಕೆ,
ಬಕೆಟಿನ ಕೆಂಪು ಮುಚ್ಚಳ ಎತ್ತಿ ಹಿಡಿದು ನಿಂತಿದ್ದಳು.
ಡಂಪರು ನಿಂತಿತು.
ಬ್ರೇಕಿನ ಉಸಿರಿಗೆ ಒಬ್ಬನ ಟೋಪಿ ಹಾರಿತು.
ಟೋಪಿ ತಲೆಗೆ ಮರಳುವವರೆಗೂ
ಅವಳು ಮುಚ್ಚಳ ಇಳಿಸಲಿಲ್ಲ.

ಭೋಂಗಳೆ ಗುರೂಜಿ ಹಾಜರಿ ಪುಸ್ತಕ ತೆರೆದರು.
ಹೋದ ವರ್ಷ ಇನ್ನೂರ ಹನ್ನೆರಡು,
ಈಗ ಮುನ್ನೂರ ನಲವತ್ತು.
ನಾಲ್ಕನೆಯ ತರಗತಿ ವರಾಂಡದಲ್ಲಿ.
ಮೂರನೆಯದು ಅಡುಗೆಮನೆಯ ಗೋಡೆಗೆ ಒರಗಿ
ಬೇಳೆ ಕುದಿಯುವ ಸದ್ದಿನ ಮೇಲೆ ಮಗ್ಗಿ ಹೇಳುತ್ತಿತ್ತು.
'ಟವರಿನ ಮಕ್ಕಳು ಇಲ್ಲಿಗೆ ಬರುವುದಿಲ್ಲ ಬಾಯಿ,
ಅವರಿಗೆ ಎಸಿ ಬಸ್ಸಿದೆ.
ಬರುವವರು ಟವರು ಕಟ್ಟುವವರ ಮಕ್ಕಳು.'

ಕಚೇರಿಯಲ್ಲಿ ತುಳಪುಳೆ ಸಾಹೇಬರು ಅಂದರು:
ಅವರನ್ನು ಎಣಿಸಬೇಡ,
ಕೊನೆಯ ಸ್ಲ್ಯಾಬು ಬಿದ್ದ ಮರುದಿನ ಗಂಟು ಕಟ್ಟುತ್ತಾರೆ.
ಬೆಳವಣಿಗೆ ಅಂದರೆ ಉಳಿಯುವವರ ಲೆಕ್ಕ.

ಸ್ವಾರಗೇಟಿನಲ್ಲಿ ಹತ್ತಿದವರು ಹಡಪ್ಸರದಲ್ಲಿ ಇಳಿಯುತ್ತಾರೆ,
ಅಂತ ಬಸ್ಸಿಗೆ ಸೀಟು ಬೇಡವೇ ಸರ್?
ಹೀಗೆ ಕೇಳಬೇಕು ಅನ್ನಿಸಿದ್ದು
ಮನೆಗೆ ಬಂದು, ಅಕ್ಕಿ ತೊಳೆಯುವಾಗ.
ಅಲ್ಲಿ ಅಂದದ್ದು 'ಹೂಂ' ಅಷ್ಟೇ.

ಎರಡನೆಯ ಸಲ ಹೋದಾಗ ನನ್ನ ಫೋನಿನ ಕನ್ನಡ ಕೇಳಿ
ಒಬ್ಬಳು ಟೇಪಿನ ಇನ್ನೊಂದು ತುದಿ ಹಿಡಿದಳು.
ಸಾಬಮ್ಮ. ಮೂರನೆಯ ತರಗತಿ. ಯಾದಗಿರಿ ಕಡೆಯವಳು.
'ಗೇಟು ಯಾಕ ಅಳೀತಿ ಅಕ್ಕಾ?
ನಾವು ಕಿಂಡ್ಯಾಗಿಂದ ಬರತೀವಿ.'

ಪಕ್ಕದ ಗೋಡೆ, ಹಿಟ್ಟಿನ ಗಿರಣಿಯ ಎದುರು.
ಒಂಬತ್ತು ಇಟ್ಟಿಗೆ ಇಲ್ಲ.
ಆಚೆ ಡಂಪರು ನುಗ್ಗಲಾರದ ಓಣಿ,
ಓಣಿಯ ಕೊನೆಗೆ ತಗಡಿನ ಶೆಡ್ಡುಗಳು.
ತಳದ ಇಟ್ಟಿಗೆ
ಸಣ್ಣ ಪಾದಗಳಿಗೆ ಸವೆದು ಹೊಸ್ತಿಲಾಗಿತ್ತು.
'ಪಂಚಾಯ್ತಿಯವ್ರು ರೊಕ್ಕ ಕೊಟ್ಟು ಮುಚ್ಚಿಸಿದ್ರು.
ಮುಚ್ಚಿದಾವ ನಮ್ಮಪ್ಪ.
ರಾತ್ರಿ ತೆಗದಾವನೂ ನಮ್ಮಪ್ಪನ.'

ಅಳೆದೆ. ಗೇಟಿನಿಂದ ಕಿಂಡಿಗೆ ಇಪ್ಪತ್ತು ಮೀಟರು.
ನಕ್ಷೆಯಲ್ಲಿ ನಾಲ್ಕು ಸೆಂಟಿಮೀಟರು.
ಮೌಸ್ ಒತ್ತಿ ಎಳೆದರೆ
ಒಂದು ತೂಕಡಿಕೆಯಷ್ಟೂ ಹೊತ್ತು ಹಿಡಿಯಲಿಲ್ಲ.
ಮುಂದಿನ ಗೇಟು ಮುಚ್ಚಿದೆ. ಓಣಿಗೆ ಬಾಗಿಲು ತೆರೆದೆ.
ವರಾಂಡದ ಹಿಂದೆ ನಾಲ್ಕು ಕೋಣೆಗೆ ಜಾಗ ಬಿಟ್ಟೆ,
ಉಳಿಯದವರ ಲೆಕ್ಕ ಹಿಡಿದೇ.

ಅರ್ಜಿಯಲ್ಲಿ ಒಂದು ಅಂಕಣ: ಸೂಚಿಸಿದವರು.
'ಸ್ಥಳೀಯರು' ಅಂತ ಬರೆದೆ.

ದಸರೆಗೆ ಸಾಬಮ್ಮನ ಹೆಸರಿನ ಮೇಲೆ ಕೆಂಪು ಗೆರೆ.
ತಳೇಗಾಂವಿನ ಸೈಟಿಗೆ ಹೋದರಂತೆ.
ಕೆಳಗಿನ ಸಾಲುಗಳಲ್ಲಿ ಹೊಸ ಹೆಸರುಗಳು,
ಅಕ್ಷರ ಗುರೂಜಿಯವೇ.
ಒಟ್ಟು: ಮುನ್ನೂರ ನಲವತ್ತೊಂದು.

ಫೈಲು ಮೂರು ಮೇಜು ದಾಟಿದೆ, ನಾಲ್ಕನೆಯದರಲ್ಲಿ ಕೂತಿದೆ.
ಮೂಲೆಯಲ್ಲಿ ಯಾರದೋ ಚಹಾದ ಉಂಗುರ,
ಸರಿಯಾಗಿ ನನ್ನ ಹೊಸ ಬಾಗಿಲಿನ ಮೇಲೆ.

ಮೊನ್ನೆ ಸಿಂಧೂತಾಯಿ ಕೇಳಿದಳು,
ಒಂದು ಕೈ ಮೇಲೆ, ಕಣ್ಣು ರಸ್ತೆಯ ಮೇಲೆ:
ಬಾಗಿಲು ಯಾವಾಗ ಬಾಯಿ?
ಅವಸರವೇನಿಲ್ಲ, ಕೇಳಿದೆ ಅಷ್ಟೇ.
ಎರಡು ವರ್ಷದಿಂದ
ಬಕೆಟ್ಟು ತೆರೆದೇ ಇದೆ,
ನೀರಿಗೆ ಧೂಳು ಬೀಳುತ್ತದೆ.