ನಾಲ್ಕನೆಯ ರಂಧ್ರ

ಮೊದಲ ಮೂರರಲ್ಲಿ ಬರೀ ಜಲ್ಲಿ, ಹೂಳು, ಹೆಪ್ಪುಗಟ್ಟಿದ ಮರಳು.
ನಾಲ್ಕನೆಯದರಲ್ಲಿ ಬೈರಿಗೆಯ ಸದ್ದು ಬದಲಾಯಿತು.
ಜೋವಾಮಿ ಯಂತ್ರ ನಿಲ್ಲಿಸಿ ನನ್ನ ಮುಖ ನೋಡಿದ.
ನಾಲ್ಕು ಮೀಟರ್ ಆಳದಿಂದ ಬಂದ ಕೊಳವೆಯ ತುಂಬ
ಮಣ್ಣಿಲ್ಲ. ತಿಳಿ ಮಂಜುಗಡ್ಡೆ. ಅದರೊಳಗೆ
ಸಾಲುಸಾಲು ಗುಳ್ಳೆ, ಯಾರೋ ಉಸಿರು ಬಿಟ್ಟು
ಎಳೆದುಕೊಳ್ಳಲು ಮರೆತ ಹಾಗೆ.

"ಇಲ್ಲಿ ಬೇಡ ಅಂದಿದ್ದೆ" ಎಂದ ಕಪ್ಪಿಯಾನಾಕ್ ಅಜ್ಜ,
ಸೀಲ್ ತೊಗಲಿನ ಕೈಗವಸು ಕಳಚದೆ.
ಜೂನ್ ಬಂದರೆ ಈ ನೆಲ ಒಳಗೊಳಗೇ ಗೊಣಗುತ್ತದಂತೆ;
ಅವನ ನಾಯಿಗಳು ಇಲ್ಲಿ ಮಲಗುವುದಿಲ್ಲವಂತೆ.
ವರದಿಯಲ್ಲಿ ನಾಯಿಗಳಿಗೆ ಅಂಕಣವಿಲ್ಲ.
ನಾನು ಬರೆದೆ: ಹಿಮಾಂಶ ಅಧಿಕ, ಕುಸಿತ ಸಂಭವ.

ಮೇಲೆ, ಬಂಡೆಯ ಮೇಲೆ ಕಟ್ಟಬಹುದಿತ್ತು.
ಬಂಡೆ ಯಾರಿಗೂ ಮೋಸ ಮಾಡುವುದಿಲ್ಲ.
ಆದರೆ ಅಲ್ಲಿಂದ ಇಳಿಜಾರು ಆರಕ್ಕೆ ಒಂದು:
ಜನವರಿಯ ಕತ್ತಲಲ್ಲಿ, ಗಾಜಿನಂಥ ದಾರಿಯಲ್ಲಿ
ನೀರು ತುಂಬಿದ ಹದಿನೆಂಟು ಟನ್ನಿನ ಲಾರಿ
ಬೆಂಕಿಗಿಂತ ಮೊದಲು ಶಾಲೆಯನ್ನು ತಲುಪುತ್ತದೆ,
ಗೋಡೆಯ ಮೂಲಕ.

ಉಲಾಯುಕ್ ಅಗ್ನಿದಳದ ಮುಖ್ಯಸ್ಥೆ. ಹಗಲು ಸಹಕಾರಿ ಅಂಗಡಿಯಲ್ಲಿ
ಹಾಲಿನ ಪುಡಿ, ತೋಟೆ, ಡಯಾಪರ್ ಮಾರುತ್ತಾಳೆ.
ನುನಾವುಟ್‌ನ ಈ ಊರಿನ ಹಳೆಯ ಶೆಡ್ಡಿನಲ್ಲಿ
ಹೀಟರ್ ಕೆಟ್ಟ ರಾತ್ರಿ ಲಾರಿಯ ಹೊಟ್ಟೆಯ ನೀರು ಕಲ್ಲಾಗಿತ್ತು.
ಬಕೆಟ್ಟಿನಲ್ಲಿ ಹಿಮ ಎಸೆದರು. ಮನೆ ಉಳಿಯಲಿಲ್ಲ.
ಯಾರ ಮನೆ ಎಂದು ನಾನು ಕೇಳಲಿಲ್ಲ.
ಅವಳ ಎಡಗೈಯ ಎರಡು ಬೆರಳು ನೇರವಾಗುವುದಿಲ್ಲ.

ಬೆಂಕಿ ಬಿದ್ದ ಮೇಲೆ ಬಾವಿ ತೋಡಬಾರದು, ಸರಿ.
ಮೊದಲೇ ತೋಡಿದೆವು. ಸಿಕ್ಕ ನೀರು
ಎದ್ದು ಬರಲೊಲ್ಲದು; ಎದ್ದು ಬರಲೂಕೂಡದು.
ಒಳಗೆ ನೀರು ನೀರಾಗಿಯೇ ಇರಬೇಕು,
ನೆಲದಡಿ ಕಲ್ಲಾಗಿಯೇ ಇರಬೇಕು.
ನಡುವೆ ಒಂದು ಗೇಣು ನೊರೆಹಲಗೆ, ಅದರಡಿ ಕೊಳವೆಗಳು:
ಅನಿಲ ಕೆಳಗಿನ ಬಿಸಿ ಹೀರಿ ಮೇಲೇರುತ್ತದೆ,
ಹೊರಗಿನ ಚಳಿಗೆ ಬೆವರಾಗಿ ಮರಳಿ ಇಳಿಯುತ್ತದೆ.
ಮೋಟಾರಿಲ್ಲ, ವಿದ್ಯುತ್ತಿಲ್ಲ. ಚಳಿಗಾಲವೊಂದು ಬೇಕು.
ಇನ್ನು ಮೂವತ್ತು ವರ್ಷ ಚಳಿ ಬರುತ್ತದೆಯೆಂದು ಹಿಡಿದು
ಸಹಿ ಹಾಕಿದೆ. ಪೆನ್ನು ಎರಡು ಸಲ ಹೆಪ್ಪುಗಟ್ಟಿತು,
ಒಳ್ಳೆಯ ಶಕುನವೆಂದುಕೊಂಡೆ.

ಉಲಾಯುಕ್ ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿ
ಒಂದೇ ಪ್ರಶ್ನೆ ಕೇಳಿದಳು: "ಬಾಗಿಲು ಯಾವ ಕಡೆ?"
ಆಗ್ನೇಯಕ್ಕೆ, ಎಂದೆ. ಬೆಂಕಿಯದೇ ದಿಕ್ಕು.
"ಗಾಳಿ ಹಿಮ ತಂದು ಸುರಿಯುವುದೂ ಅಲ್ಲೇ."
ಹದಿಮೂರು ಹಾಳೆಯ ಕಟ್ಟಡವನ್ನು ಅವತ್ತು ರಾತ್ರಿ
ಹೋಟೆಲಿನ ಮೇಜಿನ ಮೇಲೆ ಎತ್ತಿ ತಿರುಗಿಸಿ ಕೂರಿಸಿದೆ.

ಈಗ ದಕ್ಷಿಣದಲ್ಲಿದ್ದೇನೆ. ನಾಲ್ಕನೆಯ ರಂಧ್ರದಲ್ಲಿ
ತಾಪಮಾಪಕದ ದಾರವೊಂದನ್ನು ಇಳಿಬಿಟ್ಟು ಬಂದಿದ್ದೆ.
ಭಾನುವಾರ ಅಂಗಡಿಗೆ ಬೀಗ ಹಾಕಿ ಅವಳು ಓದುತ್ತಾಳೆ,
ಫೋನಿಗೊಂದು ಅಂಕಿ ಬರುತ್ತದೆ, ಮಾತಿಲ್ಲ:
ಮೈನಸ್ ಮೂರು ಪಾಯಿಂಟ್ ಒಂದು.
ಮೈನಸ್ ಎರಡು ಪಾಯಿಂಟ್ ಒಂಬತ್ತು.
ಹೋದ ವಾರ ಅಂಕಿಯ ಕೆಳಗೆ ಒಂದು ಸಾಲು:
ಅಜ್ಜನ ನಾಯಿ ಹೊಸ ಜಲ್ಲಿಯ ದಿಬ್ಬದ ಮೇಲೆ
ಮಲಗಿತ್ತು. ಸ್ವಲ್ಪ ಹೊತ್ತು.